ಹದ್ದು ಕಲಿತ ಎಂಬತ್ತೊಂದು ಮನೆ

ಹತ್ತೊಂಬತ್ತು ವರ್ಷ ಅವನು ಪೈಪು ಕಾರ್ಖಾನೆಯ ಅಂಗಳದಲ್ಲಿ ಕ್ರೇನ್ ನಡೆಸಿದ್ದ. ನೆಲದಿಂದ ನಲವತ್ತು ಅಡಿ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಕೆಳಗೆ ಬಿದ್ದ ಬೋಲ್ಟನ್ನೂ ಗುರುತು ಹಿಡಿಯುತ್ತಾನೆಂದು ಅವನಿಗೆ ಹದ್ದು ಎಂಬ ಅಡ್ಡಹೆಸರು ಬಿದ್ದಿತ್ತು. ಅವನಿಗೂ ತನ್ನ ಕಣ್ಣಿನ ಮೇಲೆ ಜಂಬ ಕಡಿಮೆಯೇನಿರಲಿಲ್ಲ. ತಂಗಿಯ ಗಂಡನಿಗೆ ಅದೇ ಅಂಗಳದಲ್ಲಿ ಹೊರೆ ಕಟ್ಟುವ ಕೆಲಸ ಕೊಡಿಸಿದವನೂ ಅವನೇ. ಕೆಳಗಿನವನು ಪೈಪಿನ ಕಟ್ಟಿಗೆ ಸರಪಳಿ ಬಿಗಿದು, ಪಕ್ಕಕ್ಕೆ ಸರಿದು, ಕೈ ಮೇಲೆತ್ತುತ್ತಿದ್ದ. ಮೇಲಿನವನು ಹೊರೆ ಎತ್ತುತ್ತಿದ್ದ. ಆರು ವರ್ಷ ಹೀಗೇ ನಡೆಯಿತು. ಮನೆಯೂ ಒಂದೇ. ಕೆಳಗೆ ಒಂಟಿಯಾಗಿ ಹದ್ದು. ಮಹಡಿಯ ಮೇಲೆ ತಂಗಿ, ಅವಳ ಗಂಡ, ಶಾಲೆಗೆ ಹೋಗುವ ಮಗಳು. ಊಟ ಮಾತ್ರ ಎಲ್ಲರದ್ದೂ ತಂಗಿಯ ಅಡುಗೆಮನೆಯಲ್ಲಿ.

ಒಂದು ಸಂಜೆ ಪಾಳಿ ಮುಗಿಯಲು ಹತ್ತು ನಿಮಿಷವಿರುವಾಗ ಕಟ್ಟು ಮೇಲೆದ್ದಿತು. ಒಂದು ತುದಿಯ ಸರಪಳಿ ಜಾರಿ ಹನ್ನೊಂದು ಪೈಪುಗಳು ತಂಗಿಯ ಗಂಡನ ಮೇಲೆ ಉರುಳಿದವು. ಹದ್ದು ಏಣಿ ಇಳಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅವನು ಕೈ ಎತ್ತಿದ್ನಾ?" ಮೇಲ್ವಿಚಾರಕ ಕೇಳಿದ.

"ಎತ್ತಿದ," ಎಂದ ಹದ್ದು.

ಆ ಒಂದು ಮಾತು ಅವನು ಹೇಳಿದ್ದೇ ತಡ, ಬಾಯಿಂದ ಬಾಯಿಗೆ ಹರಡಿತು. ಆಸ್ಪತ್ರೆಯಲ್ಲಿ ಅದನ್ನೇ ಹೇಳಿದ, ತಂಗಿಗೂ ಅದನ್ನೇ ಹೇಳಿದ. ಸರಪಳಿ ಸರಿಯಾಗಿ ಬಿಗಿಯದೆ ಆತುರದಲ್ಲಿ ಕೈ ಎತ್ತಿದ, ಪಾಪ, ತನ್ನ ಕೈಯಾರೆ ತಾನೇ ಹೋದ ಎಂದು ಜನ ಮಾತಾಡಿಕೊಂಡರು. ತಂಗಿ ಹಿಂದಿನಂತೆಯೇ ಅಣ್ಣನಿಗೆ ತಟ್ಟೆ ಇಟ್ಟಳು.

ತನಿಖೆ ಮುಗಿಯುವ ತನಕ ಕ್ರೇನ್ ಹತ್ತುವಂತಿಲ್ಲ ಎಂದು ಅವನನ್ನು ಗೇಟಿನ ಪಕ್ಕದ ತೂಕದ ಕೋಣೆಗೆ ಹಾಕಿದರು. ಲಾರಿಗಳು ಅಲ್ಲಿನ ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತವೆ, ಒಳಗೆ ಕೂತವರು ತೂಕ ಬರೆದುಕೊಳ್ಳುತ್ತಾರೆ. ಕೋಣೆಯ ಒಡತಿಯಂತೆ ಅಲ್ಲಿ ಕೂತಿದ್ದವಳು ಐವತ್ತು ದಾಟಿದ ಹೆಂಗಸು. ಎಲ್ಲರ ಬಾಯಲ್ಲೂ ತೂಕದಕ್ಕ. ಲಾರಿ ಇಲ್ಲದ ಹೊತ್ತಿನಲ್ಲಿ ಅವಳು ಪತ್ರಿಕೆಯ ಸುಡೊಕು ಬಿಡಿಸುತ್ತಿದ್ದಳು.

ಎರಡು ವಾರ ಹದ್ದು ಗೋಡೆ ನೋಡುತ್ತ ಕೂತ. ಮೂರನೆಯ ವಾರ ಅವಳೇ ಕಾಗದ ತಳ್ಳಿದಳು.

"ಗೋಡೆ ನೋಡಿ ನೋಡಿ ಸುಣ್ಣ ಉದುರ್ತಾ ಇದೆ. ಇದನ್ನ ನೋಡು."

"ನಂಗೆ ಕೂಡೋದು ಕಳೆಯೋದು ಬರಲ್ಲಕ್ಕ."

"ಇಲ್ಲಿ ಕೂಡೋದೂ ಇಲ್ಲ, ಕಳೆಯೋದೂ ಇಲ್ಲ. ಎಂಬತ್ತೊಂದು ಮನೆ. ಅಡ್ಡಸಾಲಲ್ಲಿ ಒಂದರಿಂದ ಒಂಬತ್ತು, ಒಂದೊಂದು ಸಲ. ಉದ್ದಸಾಲಲ್ಲೂ ಹಾಗೇ. ಈ ದಪ್ಪ ಗೆರೆಯ ಒಂಬತ್ತು ಮನೆಯ ಕೇರಿ ಇದೆಯಲ್ಲ, ಅದರಲ್ಲೂ ಹಾಗೇ. ಒಬ್ಬನೇ ಎರಡು ಮನೆ ಹಿಡಿಯೋ ಹಾಗಿಲ್ಲ. ಅಷ್ಟೇ."

ಅಷ್ಟೇ ಅಂದದ್ದು ಅಷ್ಟು ಸುಲಭವಾಗಿರಲಿಲ್ಲ. ಮೊದಲ ದಿನ ಅರ್ಧ ತುಂಬುವಷ್ಟರಲ್ಲಿ ಒಂದೇ ಸಾಲಿನಲ್ಲಿ ಎರಡು ಆರುಗಳು ಕೂತಿದ್ದವು. ಒರೆಸಿದ. ಆರನ್ನು ತೆಗೆದರೆ ಮೂರು ಕೆಟ್ಟಿತು, ಮೂರನ್ನು ಸರಿಪಡಿಸಿದರೆ ಎಂಟು. ಕೊನೆಗೆ ಕಾಗದವೇ ತೂತಾಯಿತು.

"ಏಳು ಎಲ್ಲಿದೆ ಹುಡುಕು," ಎಂದಳು ತೂಕದಕ್ಕ ಮರುದಿನ. "ಮೊದಲ ಸಾಲಲ್ಲಿ ಒಂದು, ಎರಡನೇ ಸಾಲಲ್ಲಿ ಒಂದು. ಹಾಗಾದ್ರೆ ಬಲಗಡೆ ಕೇರಿಯ ಏಳು ಯಾವ ಸಾಲಿಗೆ ಬರ್ಬೇಕು?"

"ಮೂರನೇದಕ್ಕೆ."

"ಅಲ್ಲಿ ಎಷ್ಟು ಮನೆ ಖಾಲಿ?"

"ಒಂದೇ."

"ಮತ್ತೆ? ಹಾಕು. ಇನ್ನೇನು ಆರತಿ ಎತ್ತಿ ಕರೀಬೇಕಾ?"

ಅವನು ಏಳು ಬರೆದ. ಸತ್ತ ಮನುಷ್ಯನ ಮುಖ ಕಣ್ಣ ಮುಂದಿಲ್ಲದ ಒಂದು ನಿಮಿಷ ಅವನಿಗೆ ಸಿಕ್ಕಿದ್ದು ಅವತ್ತೇ. ಅದಕ್ಕಾಗಿಯೇ ಅವನು ಆ ಆಟಕ್ಕೆ ಅಂಟಿಕೊಂಡ.

ತಿಂಗಳುಗಳಲ್ಲಿ ಕೈ ಕುದುರಿತು. ಮೂಲೆಯಲ್ಲಿ ಸಣ್ಣದಾಗಿ ಪೆನ್ಸಿಲ್ಲಿನಿಂದ ಬರಬಹುದಾದ ಅಂಕಿಗಳನ್ನು ಬರೆದಿಡುವುದು ಬಂತು. ಒಂದೇ ಸಾಲಿನ ಎರಡು ಮನೆಗಳಲ್ಲಿ ಎರಡು ಮತ್ತು ಒಂಬತ್ತು ಮಾತ್ರ ಉಳಿದದ್ದನ್ನು ತೋರಿಸಿ ತೂಕದಕ್ಕ ಹೇಳಿದಳು: "ಇಬ್ಬರು ಓರಗಿತ್ತಿಯರು ಎರಡು ಕೋಣೆ ಹಿಡಿದಿದಾರೆ. ಯಾರಿಗೆ ಯಾವುದು ಅಂತ ಅವರೇ ಜಗಳ ಆಡ್ಕೊಳ್ಳಲಿ. ಆದ್ರೆ ಈ ಸಾಲಿನ ಬೇರೆ ಯಾವ ಕೋಣೆಯಲ್ಲೂ ಅವರಿಲ್ಲ, ಅಲ್ವಾ? ಅಲ್ಲೆಲ್ಲ ಹೊಡೆದುಹಾಕು." ಹದ್ದು ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು ಅವನ ಕಿವಿಗೇ ಬೇರೆಯವರ ದನಿಯಂತೆ ಕೇಳಿತು.

ಒಂದು ಚಟ ಮಾತ್ರ ಹೋಗಲಿಲ್ಲ. ಬೇಸರವಾದಾಗ ಅಂದಾಜಿಗೆ ಒಂದು ಅಂಕಿ ಹಾಕಿಬಿಡುತ್ತಿದ್ದ. ಇಪ್ಪತ್ತು ಮನೆ ಸರಾಗವಾಗಿ ತುಂಬಿದ ಮೇಲೆ ಎಲ್ಲೋ ಎರಡು ನಾಲ್ಕುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ತಪ್ಪು ಎಲ್ಲಿ ಶುರುವಾಯಿತೆಂದು ಆಗ ಯಾರಿಗೂ ಹೇಳಲಾಗುತ್ತಿರಲಿಲ್ಲ.

ತನಿಖೆಗೆ ಹತ್ತು ದಿನವಿರುವಾಗ ತೂಕದಕ್ಕ ಹೀಗೊಂದು ಅಂಕಿಯ ಮೇಲೆ ಬೆರಳಿಟ್ಟಳು. "ಈ ಐದು ಯಾಕೆ ಇಲ್ಲಿ?"

"ಅದೇ ಇರ್ಬೇಕು ಅನ್ನಿಸ್ತು."

"ಕಂಡಿದ್ದಾ, ಅನ್ನಿಸಿದ್ದಾ?"

ಅವಳು ಆಟದ ಬಗ್ಗೆಯೇ ಕೇಳಿದ್ದಳು. ಅವನು ಮಾತ್ರ ಪೆನ್ಸಿಲ್ ಕೆಳಗಿಟ್ಟ. ಒಂದು ಲಾರಿ ಬಂತು, ತೂಗಿಸಿಕೊಂಡು ಹೋಯಿತು.

"ಕಾಣ್ಲಿಲ್ಲಕ್ಕ," ಎಂದ ಕೊನೆಗೆ. "ಅವತ್ತು ಗಾಜಿನ ಮೇಲೆ ಬಿಸಿಲು ಹೊಡೀತಿತ್ತು. ಕೆಳಗೆ ಏನೋ ಅಲ್ಲಾಡ್ತು. ಆರು ವರ್ಷದಿಂದ ಅಲ್ಲಿ ಅಲ್ಲಾಡ್ತಾ ಇದ್ದಿದ್ದು ಅವನ ಕೈ ಒಂದೇ. ಕೈ ಅಂದ್ಕೊಂಡೆ. ಎತ್ತಿಬಿಟ್ಟೆ."

ತೂಕದಕ್ಕ ಕನ್ನಡಕ ತೆಗೆದಳು. "ಇದನ್ನ ಬೇರೆ ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ನಂಗೂ ಹೇಳ್ಬಾರ್ದಿತ್ತು," ಎಂದಳು. ಕನ್ನಡಕ ಒರೆಸಿ ಹಾಕಿಕೊಂಡು ತಾನೇ ಸೇರಿಸಿದಳು: "ಹೇಳಿದ್ಮೇಲೆ ಇನ್ನು ನುಂಗೋಕಾಗಲ್ಲ."

ವಿಷಯದ ವಾಸನೆ ಮೇಲ್ವಿಚಾರಕನಿಗೆ ಹೇಗೆ ಹತ್ತಿತೋ. ತನಿಖೆಯ ಹಿಂದಿನ ದಿನ ಅವನೇ ಕೋಣೆಗೆ ಬಂದು ಹದ್ದಿನ ಹೆಗಲ ಮೇಲೆ ಕೈ ಹಾಕಿದ. "ನೋಡಪ್ಪ, ಸತ್ತವನಿಗೆ ಇನ್ನೇನು ನಷ್ಟ? ಕೈ ಎತ್ತಿದ ಅಂದ್ರೆ ಅಲ್ಲಿಗೆ ಮುಗೀತು. ನೀನು ನಾಳಿದ್ದು ಕ್ರೇನ್ ಹತ್ತು."

ತನಿಖೆ ಕಚೇರಿಯ ಮೇಲಿನ ಕೋಣೆಯಲ್ಲಿ ನಡೆಯಿತು. ಉದ್ದನೆಯ ಮೇಜು, ಮೂವರು ಅಧಿಕಾರಿಗಳು. "ಕೈ ಎತ್ತಿದ್ದನ್ನ ನೀವು ನೋಡಿದ್ರಾ?" ಎಂದು ಕೇಳಿದರು. "ಇಲ್ಲ," ಎಂದ. "ಊಹೆ ಮಾಡಿದೆ. ಎಲ್ಲರಿಗೂ ಸುಳ್ಳು ಹೇಳ್ದೆ." ಬರೆದುಕೊಳ್ಳುತ್ತಿದ್ದ ಅಧಿಕಾರಿಯ ಪೆನ್ನು ನಿಂತಿತು. ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು.

ವಾರದೊಳಗೆ ಕೆಲಸ ಹೋಯಿತು. ಇನ್ನು ಎಲ್ಲಿಯೂ ಕ್ರೇನ್ ನಡೆಸಬಾರದೆಂದು ಆದೇಶವೂ ಆಯಿತು. ಅದು ಅವನಿಗೆ ಗೊತ್ತಿದ್ದದ್ದೇ. ಸತ್ತವನ ಮೇಲಿನ ಅಪವಾದ ಹೋದರೆ ತಂಗಿಯ ಎದೆ ಒಂದಿಷ್ಟು ಹಗುರಾದೀತು ಎಂಬ ಆಸೆಯನ್ನು ಮಾತ್ರ ಅವನು ಒಳಗೊಳಗೇ ಇಟ್ಟುಕೊಂಡಿದ್ದ. ತನಿಖೆಯ ದಿನವೇ ಕಚೇರಿಯಿಂದ ನೇರ ಮಹಡಿ ಹತ್ತಿ ಎಲ್ಲ ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದಳು. ಕತ್ತಿ ನಿಲ್ಲಿಸಲಿಲ್ಲ.

"ಎಂಟು ತಿಂಗಳು," ಎಂದಳು ಕೊನೆಗೆ. "ಎಂಟು ತಿಂಗಳು ದಿನಾ ಬೆಳಿಗ್ಗೆ ಅವರ ಫೋಟೋ ಮುಂದೆ ನಿಂತ್ಕೊಂಡು ಬೈದಿದೀನಿ, ಅಣ್ಣ. ನಿಮಗೇನು ಅಷ್ಟು ಆತುರ ಇತ್ತು, ಯಾಕೆ ಕೈ ಎತ್ತಿದ್ರಿ, ನಮ್ಮನ್ನ ಯಾಕೆ ನೆನೆಸ್ಕೊಳ್ಳಲಿಲ್ಲ ಅಂತ. ಮಗಳು ಅತ್ರೆ ನಿಮ್ಮಪ್ಪನ್ನೇ ಕೇಳು ಅಂತ ಗದರಿದೀನಿ. ನೀನು ಇಲ್ಲೇ ಕೂತು ಉಣ್ತಾ ಇದ್ದೆ. ಕೇಳಿಸ್ಕೊಳ್ತಾ ಇದ್ದೆ."

"ಹೇಳೋಕೆ ಬಾಯಿ ಬರ್ಲಿಲ್ಲ ಕಣೇ."

"ಉಣ್ಣೋಕೆ ಬಂತಲ್ಲ."

ಅವಳು ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಸುರಿದು, ನೀರು ಹಾಕಿ, ಒಲೆ ಹಚ್ಚಿದಳು. ಆ ತಿಂಗಳ ಕೊನೆಯಲ್ಲಿ ಮಗಳನ್ನು ಕರೆದುಕೊಂಡು ಪಟ್ಟಣದ ಇನ್ನೊಂದು ತುದಿಗೆ ಮನೆ ಬದಲಾಯಿಸಿದಳು. ಸಾಮಾನು ಇಳಿಸಲು ಅವನು ಕೈ ಹಾಕಿದಾಗ ಬೇಡ ಅನ್ನಲಿಲ್ಲ, ಹಾಕು ಅಂತಲೂ ಅನ್ನಲಿಲ್ಲ.

ಈಗ ಅವನು ರಟ್ಟಿನ ಪೆಟ್ಟಿಗೆಯ ಗೋದಾಮಿನಲ್ಲಿ ಅಂಟು ಹಚ್ಚುವ ಕೆಲಸ ಮಾಡುತ್ತಾನೆ. ಮಧ್ಯಾಹ್ನದ ಬಿಡುವಿನಲ್ಲಿ ಸುಡೊಕು ಬಿಡಿಸುತ್ತಾನೆ, ಬಹಳ ನಿಧಾನವಾಗಿ. ಎಷ್ಟೋ ಅರ್ಧಕ್ಕೇ ನಿಲ್ಲುತ್ತವೆ. ನಿಂತರೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಲ್ಲಿ ಯಾರೂ ಅವನನ್ನು ಹದ್ದು ಎಂದು ಕರೆಯುವುದಿಲ್ಲ.

ಹೋದ ವರ್ಷ ಬಸ್ಸಿನಲ್ಲಿ ತಂಗಿಯ ಮಗಳು ಸಿಕ್ಕಿದ್ದಳು. ಅವನಿಗಿಂತ ಎತ್ತರ ಬೆಳೆದಿದ್ದಳು. ಅವಳೇ ಮೊದಲು "ಮಾವ" ಎಂದಳು.

"ಅಮ್ಮ ಹೇಗಿದಾಳೆ?"

"ಇದಾಳೆ." ಅವಳು ಕಿಟಕಿಯ ಕಡೆ ನೋಡಿದಳು. "ನೀವು ಕೇಳಿದ್ರಿ ಅಂತ ಹೇಳ್ಲಾ?"

ಅವನು ಯೋಚಿಸಿದ. "ಬೇಡಮ್ಮ," ಎಂದ.

ಅವಳು ತಲೆಯಾಡಿಸಿ ಮುಂದಿನ ನಿಲ್ದಾಣದಲ್ಲಿ ಇಳಿದಳು. ಅವಳು ಇಳಿಯಬೇಕಾಗಿದ್ದ ಜಾಗ ಅದೇ ಹೌದೋ ಅಲ್ಲವೋ ಅವನಿಗೆ ಗೊತ್ತಿರಲಿಲ್ಲ.