ಬದುವಿನ ಮೇಲೆ ನಿಂತು ಆಡಿದ ಮಾತು

ಐವತ್ತು ದಾಟಿದ ಮೇಲೆ ಕಾನೂನು ಓದಲು ಕುಳಿತವನಿಗೆ ಕಣ್ಣಿಗಿಂತ ಮೊದಲು ಬೆನ್ನು ಸೋಲುತ್ತದೆ. ಅಂತರರಾಷ್ಟ್ರೀಯ ಕಾನೂನಿನ ಪುಸ್ತಕ ತೆರೆದರೆ, ಒಂದು ಪುಟ ಮುಗಿಯುವಷ್ಟರಲ್ಲಿ ಅದು ನನ್ನ ಎದೆಯ ಮೇಲೆ ಮಲಗಿರುತ್ತದೆ. ಒಂದು ಅಧ್ಯಾಯ ಮಾತ್ರ ನನ್ನನ್ನು ಮಲಗಗೊಡಲಿಲ್ಲ. ಒಂದು ದೇಶ ನಿಜವಾದ ಮನಸ್ಸಿನಿಂದ ಎಲ್ಲರೆದುರು ಮಾತು ಕೊಟ್ಟರೆ, ಎದುರಿನವರು ಹೂಂ ಎನ್ನದಿದ್ದರೂ ಆ ಮಾತಿಗೆ ಅದು ಕಟ್ಟುಬೀಳುತ್ತದಂತೆ. ಕರಾರು ಬೇಡ, ಸಹಿ ಬೇಡ. ಆಕಾಶದಲ್ಲಿ ಇನ್ನು ಅಣುಬಾಂಬು ಪರೀಕ್ಷಿಸುವುದಿಲ್ಲ ಎಂದು ಒಂದು ದೊಡ್ಡ ದೇಶ ಹೇಳಿದ್ದನ್ನು ಜಗತ್ತಿನ ನ್ಯಾಯಾಲಯ ಹಾಗೆಯೇ ಗಟ್ಟಿಯಾಗಿ ಹಿಡಿದುಕೊಂಡಿತು.

ನನಗೆ ಬಾಂಬಿನ ಚಿಂತೆಯಿಲ್ಲ. ಸಾಲೋಟಗಿ ಕಡೆಯ ನಮ್ಮ ಹೊಲದ ದಾರಿಯ ಚಿಂತೆ. ಹಿಂದೊಮ್ಮೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು ಉಂಡೆವು. ಹೊಟ್ಟೆ ತುಂಬಿದವನು ಸಮ್ರಾಟನಾಗುತ್ತಾನೆ. ಬದುವಿನ ಮೇಲೆ ನಿಂತು ಪಕ್ಕದ ಹೊಲದ ಗುಂಡುರಾಯನಿಗೆ, "ಇನ್ನ ಮ್ಯಾಲ ನಿನ್ನ ಗಾಡಿ ನಮ್ಮ ಹೊಲದಾಗ ಹಾದ ಹೋಗ್ಲಿ, ನಾ ಎಂದೂ ಅಡ್ಡ ಬರಂಗಿಲ್ಲ" ಎಂದುಬಿಟ್ಟೆ. ಅವನು ಉತ್ತರಿಸಲಿಲ್ಲ, ಬಾಯಿ ತುಂಬ ಹೋಳಿಗೆ ಇತ್ತು. ಆದರೆ ಆ ದಾರಿಯನ್ನೇ ನಂಬಿ ನಿಂಬೆ ತೋಟ ಹಾಕಿದ. ಅವನಿಗೆ ಬೇರೆ ದಾರಿಯಿಲ್ಲ.

ಈಗ ನನಗೂ ನಿಂಬೆ ಹಚ್ಚುವ ಆಸೆ. ದಾರಿ ಸರಿಯಾಗಿ ಹೊಲದ ನಡುವೆ.

"ಅಂವ ಹೂಂ ಅಂದಾನೇನ್ರಿ? ಅಂದಿಲ್ಲಲ್ಲ! ಮುಳ್ಳ ಹಚ್ಚಿ ಬರ್ರಿ" ಎಂದಳು ನನ್ನಾಕೆ.

"ಹೂಂ ಅನ್ನೂದು ಬೇಕಾಗಿಲ್ಲಂತ. ಪುಸ್ತಕದಾಗ ಐತಿ."

"ಅದು ದೇಶಕ್ಕ. ನೀವ್ಯಾವ ದೇಶದ ರಾಜಾ?"

ಪುಸ್ತಕ ಮುಚ್ಚಿಟ್ಟೆ. ಜಾಲಿಮುಳ್ಳಿನ ಹೊರೆ ಎಳೆದುಕೊಂಡು ಹೊಲಕ್ಕೆ ಹೋದೆ. ದಾರಿಗೆ ಅಡ್ಡ ಇಡಬೇಕು, ಅಷ್ಟರಲ್ಲಿ ಗುಂಡುರಾಯನ ಟೆಂಪೋ ಬಂತು. ತುಂಬ ನಿಂಬೆಕಾಯಿ.

"ಕಾಕಾ, ಮುಳ್ಳ ಯಾಕ್ರಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತೊಂದರೆ. "ಅಷ್ಟ ಮಂದಿ ಮುಂದ ನೀವ್ ಹೇಳೀರಿ ಅಂತ ನಾ ಸಸಿ ಹಚ್ಚೇನ್ರಿ."

ಬೆನ್ನು ನೋಯುತ್ತಿತ್ತು. ಹೊರೆಯನ್ನು ಬದುವಿನ ಕಡೆ ಜಗ್ಗಿದೆ. "ಕುರಿ ನುಗ್ಗಾಕತ್ತಾವೋ ಮಾರಾಯ, ಬದುವಿಗೆ ತಂದೇನಿ. ನೀ ನಡಿ."

ಈ ಎಳ್ಳಮಾವಾಸ್ಯೆಗೂ ಹೊಲದಲ್ಲೇ ಉಂಡೆವು. ಹೊಟ್ಟೆ ತುಂಬಿತು, ನಾನು ಏಳತೊಡಗಿದೆ. ನನ್ನಾಕೆ ಅಂಗಿ ಹಿಡಿದು ಜಗ್ಗಿದಳು: "ಏನರ ಹೇಳೂದಿದ್ರ ಕುಂತ ಹೇಳ್ರಿ."

ಕುಳಿತೆ. ಪಾಪ, ದೇಶಗಳಿಗೆ ಅಂಗಿ ಜಗ್ಗುವವರು ಯಾರೂ ಇರಲಿಕ್ಕಿಲ್ಲ.