ಕಾರ್ಡು ನಡೆಯುವ ದವಾಖಾನೆ

ಎಡಗಾಲು ಎಳೆದು ನಡೆಯುತ್ತಿದ್ದರೂ ಎದುರುಮನೆ ಕಾಕುವಿನ ಜೊತೆ ಹೆಜ್ಜೆ ಹಾಕಲು ನಾವು ಓಡಬೇಕಾಗುತ್ತಿತ್ತು. ಹುಡುಗಿಯಾಗಿದ್ದಾಗ ಮುರಿದ ಕಾಲು, ಹತ್ತಿರದಲ್ಲಿ ದವಾಖಾನೆಯಿಲ್ಲದೆ ಸೊಟ್ಟಗೇ ಕೂಡಿಕೊಂಡಿತ್ತಂತೆ. ಮೋರಟಗಿಯ ನಮ್ಮ ಓಣಿಯಲ್ಲಿ ಯಾರಾದರೂ “ಆಗೂದಿಲ್ಲ ಬಿಡ್ರಿ” ಅಂದರೆ ಆಕೆ ಸೆರಗು ಸೊಂಟಕ್ಕೆ ಸಿಗಿಸಿ, “ಯಾಕ ಆಗೂದಿಲ್ಲ? ಯಾರ ಅಂದ್ರು? ಅವರ ಮನಿ ಎಲ್ಲೈತಿ?” ಎಂದು ಕೇಳುತ್ತಿದ್ದಳು. ಕೇಳಿ ಸುಮ್ಮನಿರದೆ ಆ ಮನೆಗೇ ಹೋಗುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸಹಕಾರಿ ಸಂಘದ ಸದಸ್ಯರಿಗೆ ಆರೋಗ್ಯ ವಿಮೆ ಬಂತು. ಮನೆಮನೆಗೆ ಹೋಗಿ ಜನರನ್ನು ಅದಕ್ಕೆ ಸೇರಿಸಿದವಳು ಕಾಕುವೇ. ಮರುವರ್ಷ ನಮ್ಮ ಅವ್ವನ ಪಿತ್ತಕೋಶದಲ್ಲಿ ಕಲ್ಲಾಯಿತು. ಸಿಂದಗಿಯ ಡಾಕ್ಟರು ಆಪರೇಷನ್ನಿಗೆ ತಯಾರಿದ್ದರು. ಆದರೆ ವಿಮೆಯ ಕಾರ್ಡು ನಡೆಯುತ್ತಿದ್ದುದು ಬಿಜಾಪುರದಲ್ಲಿ ಮಾತ್ರ.

ನಾವು ಹೊರಟ ಬೆಳಿಗ್ಗೆಯೇ ವಿಮೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಸಂಘಕ್ಕೆ ಬಂದಿದ್ದರು. ಕಾಕು ಅವ್ವನನ್ನು ಅಲ್ಲಿಗೇ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿ, ನೇರ ಹೋಗಿ ಅವರೆದುರು ನಿಂತಳು.

“ಸಾಹೇಬ್ರ, ಈಕಿ ಆಪರೇಷನ್ನಿಗೆ ಬಿಜಾಪುರಕ್ಕ ಹೊಂಟಾಳ್ರಿ. ನೀವೂ ನಮ್ಮ ಕೂಡ ಬಸ್ಸಿನ್ಯಾಗ ಬರ್ರಿ.”

ಅವರು ಅವ್ವನ ಮುಖ ನೋಡಿ, “ಬಸ್ಸು ಯಾಕ್ರಿ? ನನ್ನ ಜೀಪಿನ್ಯಾಗ ಕರಕೊಂಡ ಹೋಗೂಣು” ಎಂದರು.

“ಇವತ್ತ ಈಕೀನ ಒಯ್ತೀರಿ. ನಾಳೆ ಹೋಗಾಕಿಗೆ ಯಾರ ಜೀಪು ಬರ್ತೈತ್ರಿ?”

ನನಗೆ ಕಾಕುವಿನ ಮೇಲೆ ಸಿಟ್ಟು ಬಂತು. ನೋವು ನಮ್ಮ ಅವ್ವನದು, ಹಟ ಈಕೆಯದು. ಅಷ್ಟರಲ್ಲಿ ಅವ್ವನೇ ಹೊಟ್ಟೆ ಹಿಡಿದುಕೊಂಡು ಎದ್ದಳು. “ನಡೀರಿ, ಬಸ್ಸಿಗೇ ಹೋಗೂಣು. ಸಾಹೇಬ್ರೂ ನೋಡ್ಲಿ.”

ಅಧಿಕಾರಿ ಬಂದರು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಅವ್ವ ವಾಂತಿ ಮಾಡಿಕೊಂಡಳು. ಆಕೆಯ ಕೈಗೆ ನೀರು ಹಾಕಿದವರು ಅವರೇ. ಮುಂದಿನ ಬಸ್ಸು ಊರು ದಾಟುವಾಗ ಕಾಕು ಕಿಟಕಿಯಿಂದ ಕೈ ತೋರಿಸಿದಳು. “ಅಲ್ಲಿ ನೋಡ್ರಿ, ಅದ ದವಾಖಾನಿ. ಡಾಕ್ಟರ್ ಅದಾರ, ಆಪರೇಷನ್ ಖೋಲಿ ಐತಿ. ನಿಮ್ಮ ಕಾರ್ಡ್ ಒಂದ ನಡಿಯೂದಿಲ್ಲ.” ಅವರು ಜೇಬಿನಿಂದ ಡೈರಿ ತೆಗೆದು ಆ ದವಾಖಾನೆಯ ಹೆಸರು ಬರೆದುಕೊಂಡರು.

ಅವ್ವ ಗುಣವಾಗಿ ಮನೆಗೆ ಬಂದಳು. ನನ್ನ ಸಿಟ್ಟು ಇಳಿಯಲು ಇನ್ನೂ ಕೆಲವು ತಿಂಗಳು ಬೇಕಾಯಿತು. ಕಾಕು ಮಾತ್ರ ಹಿಡಿದದ್ದನ್ನು ಬಿಡಲಿಲ್ಲ. ಆ ಅಧಿಕಾರಿ ಮೇಲಿನವರಿಗೆ ಬರೆದರು. ಮೇಲಿನವರು ಸುಮ್ಮನೆ ಕುಳಿತರು. ಕಾಕು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಿಜಾಪುರದ ಕಚೇರಿಗೆ ಹೋಗುತ್ತಲೇ ಇದ್ದಳು. ವಿಮೆಯ ಗೊಡವೆಯೇ ಬೇಡ ಎನ್ನುತ್ತಿದ್ದ ಸಿಂದಗಿಯ ಡಾಕ್ಟರನ್ನೂ ಕಾಡಿಬೇಡಿ ಒಪ್ಪಿಸಿದಳು. ಕೊನೆಗೊಮ್ಮೆ, ಜೋಳದ ಸುಗ್ಗಿಯ ಹೊತ್ತಿಗೆ, ಆ ದವಾಖಾನೆಯಲ್ಲೂ ಕಾರ್ಡು ನಡೆಯತೊಡಗಿತು.

ಕೆಲವು ವರ್ಷಗಳ ಮೇಲೆ ಕಾಕುವೇ ಅಲ್ಲಿ ಮಲಗಿದಳು. ಕರುಳಿನ ಗಡ್ಡೆ ತೆಗೆದರೂ ರೋಗ ಆಗಲೇ ಹಬ್ಬಿಬಿಟ್ಟಿತ್ತು. ಅವ್ವ ಬೆಳಗಿನ ಬಸ್ಸಿಗೆ ಗಂಜಿ ಒಯ್ದು ಉಣಿಸಿ ಬರುತ್ತಿದ್ದಳು. ಓಣಿಯ ಹೆಂಗಸರು ಸರದಿಯ ಮೇಲೆ ಹೋಗಿ ತಲೆ ಬಾಚುತ್ತಿದ್ದರು, ಊರ ಸುದ್ದಿ ಹೇಳುತ್ತಿದ್ದರು. ಒಂದು ದಿನ ಮಂಚದ ಸುತ್ತ ನೆರೆದವರನ್ನೆಲ್ಲ ನೋಡಿ ಕಾಕು ನಕ್ಕಳು. “ಬಿಜಾಪುರದಾಗ ಮಲಗಿದ್ರ ಇಷ್ಟ ಮಂದಿ ಬರ್ತಿದ್ರೇನು?”

ಆ ವಾರವೇ ತೀರಿಕೊಂಡಳು. ಆಗ ಆಕೆಯ ಕೈ ನಮ್ಮ ಅವ್ವನ ಕೈಯೊಳಗಿತ್ತು.