ಗಣಿತದ ಟೀಚರ್ ಮಾತು ನಿಲ್ಲಿಸಿದಾಗ

ಖಾನಾಪುರದ ಹೈಸ್ಕೂಲಿಗೆ ವರ್ಗವಾದಾಗ ನನ್ನ ಮನಸ್ಸು ಮುದುಡಿತ್ತು. ಬೆಳಗಾವಿಯ ಮಹಾಂತೇಶ ನಗರದಿಂದ ದಿನಾ ಬಸ್ಸು ಹಿಡಿದು ಹೋಗಿಬರಬೇಕು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತಿದ್ದೆ. ನನ್ನ ಹಾಗೇ ಗಣಿತ ಕಲಿಸುವ ಅಲ್ಲಿನ ಹಿರಿಯ ಟೀಚರ್ ಚಹಾದ ಕಪ್ಪನ್ನು ನನ್ನ ಮುಂದಿಟ್ಟು ಕೇಳಿದರು:

"ವರ್ಗ ಆಗೇತಿ ಅಂತ ಗೊತ್ತಾತು. ಮೂಲ ಯಾವುದ್ರಿ?"

"ಇಲ್ಲೇ ನಂದಗಡ್ರಿ," ಅಂದೆ.

"ನೋಡ್ರಿ ಮತ್ತ, ವರ್ಗಮೂಲ ತಗದ್ರ ಉತ್ತರ ನಮ್ಮ ತಾಲೂಕೇ ಬಂತು!"

ನಗು ತಡೆಯಲಾಗಲಿಲ್ಲ. ಅವರ ಮನೆಮಾತು ಮರಾಠಿ. ಕನ್ನಡ ಕಲಿತದ್ದು ನೌಕರಿಗೆ ಸೇರಿದ ಮೇಲೆ. ಕನ್ನಡದಲ್ಲೇ ಹುಟ್ಟಿ ಬೆಳೆದ ನನಗೆ ವರ್ಗ ಎಂದರೆ ಬರೀ ಬೇಸರವಾಗಿತ್ತು. ಅದರೊಳಗಿನ ತಮಾಷೆ ಕಂಡದ್ದು ಅವರಿಗೆ.

ಅಂದಿನಿಂದ ನಮ್ಮಿಬ್ಬರ ಮಾತಿನಾಟದ ಜಿದ್ದು ಶುರುವಾಯಿತು. ಒಮ್ಮೆ ರವಿವಾರ ಅವರ ಮನೆಗೆ ಹೋಗಿ ಬಾಗಿಲು ಬಡಿದೆ. ಒಳಗಿಂದ ಅವರ ಅತ್ತೆ, "ಕೋಣ?" ಎಂದು ಕೂಗಿದರು. ಮರಾಠಿಯಲ್ಲಿ ಹಾಗೆಂದರೆ 'ಯಾರು' ಎಂದು.

"ಕೋಣ ಅಲ್ರಿ, ಕೋನ ಕಲಿಸಾಕಿ!" ಎಂದೆ, ಗೆದ್ದೆನೆಂಬ ಖುಷಿಯಲ್ಲಿ.

ಒಳಗಿಂದ ಟೀಚರ್ ದನಿ ಬಂತು: "ಹಂಗಾರ ತಡೀರಿ. ನೀವು ವಿಶಾಲಕೋನ, ಬಾಗಲಾ ಪೂರ್ತಿ ತಗೀತೇನಿ."

ನನ್ನ ಮೈಕಟ್ಟು ನೋಡಿಕೊಂಡು ನಾನೇ ಸೋತೆ.

ಮರುವರ್ಷ ಅವರ ದನಿ ಒಡೆಯತೊಡಗಿತು. ಬೆಳಗಾವಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗಂಟಲೊಳಗೆ ಗಂಟು. ಸಣ್ಣ ಆಪರೇಷನ್ ಮಾಡಿ, "ಕೆಲವು ವಾರ ಮಾತು ಪೂರಾ ಬಂದ್," ಎಂದರು ಡಾಕ್ಟರು. ಮಾತೇ ಆಟವಾಗಿದ್ದವರು ಹೇಗೆ ಇರುತ್ತಾರೋ ಎಂದು ನನಗೆ ಸಂಕಟ. ಅವರು ಮಾತ್ರ ಹೆಬ್ಬೆರಳು ತೋರುಬೆರಳು ಜೋಡಿಸಿ ಸೊನ್ನೆ ಮಾಡಿ ತೋರಿಸಿ ನಕ್ಕರು.

ರಜೆ ಮುಗಿದರೂ ಮಾತಿಗೆ ಅಪ್ಪಣೆ ಸಿಕ್ಕಿರಲಿಲ್ಲ. ಆದರೂ ತರಗತಿಗೆ ಹೋದರು. ಹೇಗೆ ಪಾಠ ಮಾಡುತ್ತಾರೆಂದು ನೋಡಲು ನಾನೂ ಹಿಂದೆ ಹೋಗಿ ಕೂತೆ. ಅವರು ಬೋರ್ಡಿನ ಮೇಲೆ 'ಕಳೆ' ಎಂದಷ್ಟೇ ಬರೆದು ಮಕ್ಕಳ ಕಡೆ ಕೈ ಚಾಚಿದರು: ನೀವು ಹೇಳಿ.

"ವಜಾಬಾಕಿ ಮಾಡೂದ್ರಿ," ಎಂದ ಒಬ್ಬ. ಟೀಚರ್ ಕೈ ಇಳಿಸಲಿಲ್ಲ. ಇನ್ನೂ ಬೇಕು. ಆಗ ಹಿಂದಿನ ಬೆಂಚಿನಿಂದ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದಳು.

"ಟೀಚರ್, ಹೊಲದಾಗಿನ ಕಳಿ ಕಳದ್ರ ನಮ್ಮವ್ವನ ಮಾರಿಗಿ ಕಳಿ ಕೂಡತೈತ್ರಿ."

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಇಡೀ ತರಗತಿ ಹೋ ಎಂದಿತು. ಟೀಚರ್ ಸದ್ದಿಲ್ಲದೆ, ಭುಜ ಕುಣಿಸುತ್ತ, ಕಣ್ಣೀರು ಒರೆಸುತ್ತ ನಕ್ಕರು. ಆ ಹುಡುಗಿಯ ಹತ್ತಿರ ಹೋಗಿ ಸುಣ್ಣದ ಕಡ್ಡಿಯನ್ನು ಅವಳ ಕೈಗೆ ಕೊಟ್ಟು, ತಾವು ಅವಳ ಜಾಗದಲ್ಲಿ ಕೂತರು. ಹುಡುಗಿ ಬೋರ್ಡಿಗೆ ಹೋಗಿ ತಾನೇ ಒಂದು ಕಳೆಯುವ ಲೆಕ್ಕ ಬರೆದು ಬಿಡಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ದನಿ ಮರಳಿತು, ಸ್ವಲ್ಪ ಗೊಗ್ಗರಾಗಿ. ಆದರೂ ವಾರಕ್ಕೊಂದು ಪಿರಿಯಡ್ ಈಗಲೂ ಅವರು ಬೇಕೆಂದೇ ಮಾತಾಡುವುದಿಲ್ಲ. ಅವತ್ತು ಮಕ್ಕಳದೇ ರಾಜ್ಯ. ನಾನೂ ಹಾಗೆ ಮಾಡಲು ನೋಡಿದೆ. ಮಕ್ಕಳು ಬಾಯಿ ತೆರೆಯುವ ಮೊದಲೇ ನಾನು ತೆರೆದಿದ್ದೆ.